ಶೇಂಗಾ ಡಬ್ಬಿಯ ಮೇಲಿನ ಫ್ರೀಮೇಸನ್ ಗುರುತು

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಶೇಂಗಾ ಡಬ್ಬಿ ಇದೆ. ಅದರಲ್ಲೇನು ವಿಶೇಷ, ಬೈಲಹೊಂಗಲದಲ್ಲಿ ಯಾರ ಮನೆಯಲ್ಲಿ ಶೇಂಗಾ ಡಬ್ಬಿ ಇಲ್ಲ ಎಂದು ನೀವು ಕೇಳಬಹುದು. ಇದರ ಮೈಗೆಲ್ಲ ಕಪ್ಪು ಸ್ಟಿಕರ್ ಸುತ್ತಿದೆ. ಎದುರಿಗೆ ಬಂಗಾರದ ಬಣ್ಣದಲ್ಲಿ ಕಾಲಗಲಿಸಿ ನಿಂತ ಒಂದು ಕಂಪಾಸು, ಅದಕ್ಕೆ ಅಡ್ಡಲಾಗಿ ಗೌಂಡಿಗಳು ಗೋಡೆಯ ಮೂಲೆ ನೋಡಲು ಹಿಡಿಯುವ ಗುಣ್ಯಾ. ಬಾಯಿಗೆ ಮುಚ್ಚಳವಿಲ್ಲ. ಅದರ ಬದಲು ಕಪ್ಪು ಬಟ್ಟೆಯ ಒಂದು ತೋಳಿದೆ, ಅಂಗಿಗೆ ಇರುತ್ತದಲ್ಲ, ಅಂಥದ್ದೇ ತೋಳು. ಶೇಂಗಾ ಬೇಕೆಂದರೆ ಅದರೊಳಗೆ ಮೊಣಕೈತನಕ ಕೈ ತೂರಿಸಬೇಕು.

ಹೊಸದಾಗಿ ಬಂದವರು ಹಿಂಜರಿಯುತ್ತಾರೆ. ಓಣಿಯ ಕೊನೆ ಮನೆಯ ಶಾಂತಕ್ಕ ಮೊನ್ನೆ ಬಂದಾಗ ಕೈ ಹಿಂದೆಳೆದುಕೊಂಡಳು.

“ಏನಬೇ ಇದು, ಹಾವಾಡಿಗರ ಬುಟ್ಟಿ ಇದ್ದಂಗ ಐತಿ?”

“ನಮ್ಮ ಮಿಲಿಂದಂದ ಡಿಸೈನ್. ಇಂಜಿನೇರ್ ಮಂದಿ ಗುರ್ತಂತ. ಹಾಕ್ ಕೈ, ಏನ ಕಡ್ಯಾಂಗಿಲ್ಲ,” ಎಂದಳು ಅವ್ವ.

ಮಿಲಿಂದ ಎಂದರೆ ನಾನು. ಅದು ಇಂಜಿನಿಯರರ ಗುರುತಲ್ಲ, ಫ್ರೀಮೇಸನ್ನರದು. ಡಬ್ಬಿಯನ್ನು ಮಾಡಿದ್ದೂ ಶೇಂಗಾಕ್ಕಲ್ಲ. ಅವ್ವನಿಗೆ ಎರಡನ್ನೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಆದರೆ ಮಾತು ಅಲ್ಲಿ ಇಲ್ಲಿ ಹೋದರೆ ಬೇಜಾರಾಗಬೇಡಿ. ದಿನವಿಡೀ ಒಬ್ಬನೇ ಕೂತು ಬ್ಲೇಡು ಆಡಿಸುವವನಿಗೆ ಕೇಳುವವರು ಸಿಕ್ಕರೆ ಬಾಯಿ ನಿಲ್ಲುವುದಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸ್ಟಿಕರ್ ಕಟಿಂಗ್ ಅಂಗಡಿ. ಅಂಗಡಿ ಎಂದರೆ ಒಂದು ಶಟರು, ಒಂದು ಮಶೀನು, ಒಂದು ಸ್ಟೂಲು. ಟ್ರ್ಯಾಲಿಗಳ ಹಿಂದೆ ಮನೆದೇವರ ಹೆಸರು, ಬೈಕಿನ ಟ್ಯಾಂಕಿಗೆ ಹುಲಿಯ ಕಣ್ಣು, ಸವದತ್ತಿ ಗುಡ್ಡಕ್ಕೆ ಹೊರಟ ಗಾಡಿಗಳ ಗಾಜಿಗೆ ಎಲ್ಲಮ್ಮ. ರಾಮದುರ್ಗದ ಕಡೆಯ ಡ್ರೈವರೊಬ್ಬ ಮಾತ್ರ ದೇವರು ಬೇಡವೆಂದು ‘ನೋಡಬ್ಯಾಡ, ಹೊಟ್ಟಿ ಉರದೀತು’ ಎಂದು ಬರೆಸಿಕೊಂಡ. ಹೀಗೆ ಎಲ್ಲರ ದೇವರನ್ನೂ ನಾನು ಕೈಯಾರೆ ಕತ್ತರಿಸಿ ಅಂಟಿಸಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ದೇವರಿಲ್ಲ. ಅಜ್ಜನ ಕಾಲಕ್ಕೇ ಬೌದ್ಧರಾದ ಮನೆ. ಗೋಡೆಯ ಮೇಲೆ ಬುದ್ಧ ಕಣ್ಣು ಮುಚ್ಚಿ ಕೂತಿದ್ದಾನೆ. ಕೊಡುವುದೂ ಇಲ್ಲ, ಬೇಡುವುದೂ ಇಲ್ಲ.

ಒಂದು ದಿನ ಕಿತ್ತೂರಿನಿಂದ ಹಳೆಯ ಬಿಳಿ ಕಾರೊಂದು ಬಂತು. ಇಳಿದ ಹಿರಿಯರು ಇಸ್ತ್ರಿ ಮುರಿಯದ ಅಂಗಿಯವರು, ಎಲ್ಲೋ ದೊಡ್ಡ ನೌಕರಿ ಮಾಡಿ ನಿವೃತ್ತರಾದವರು. ಹಿಂದಿನ ಗಾಜಿನ ಮೇಲೆ ಅರ್ಧ ಕಿತ್ತುಹೋದ ಗುರುತೊಂದನ್ನು ತೋರಿಸಿದರು.

“ಇಂಥಾದ್ದ ಇನ್ನೊಂದು ಮಾಡಿ ಕೊಡತೀಯೇನ ತಮ್ಮಾ?”

“ಕೊಡತೇನ್ರೀ. ಆದ್ರ ಇದು ಗುಣ್ಯಾ ಇದ್ದಂಗ ಐತಲ್ರೀ?”

“ಗುಣ್ಯಾನ ಅದು. ನಿನಗ ಹೆಂಗ ಗೊತ್ತು?”

“ನಮ್ಮಪ್ಪ ಗೌಂಡಿ ಅದಾರ್ರೀ.”

ಅವರು ನಕ್ಕು ನನ್ನ ಕೈ ಕುಲುಕಿದರು. “ಹಂಗಿದ್ರ ನೀ ನಮ್ಮಕಿಂತ ಹಳೇ ಮನಿತನದಾಂವ,” ಎಂದರು.

ಅಷ್ಟೇ. ಆ ಒಂದು ಮಾತು ನನ್ನನ್ನು ಕೆಡಿಸಿತು. ಅವರು ಹೋದ ಮೇಲೆ ಫೋನು ತೆಗೆದು ಹುಡುಕಿದೆ, ಹುಡುಕುತ್ತಲೇ ಹೋದೆ. ಬಹಳ ಹಿಂದೆ ಆ ಕಡೆಯ ದೇಶಗಳಲ್ಲಿ ಕಲ್ಲುಕಟ್ಟಡದ ಗೌಂಡಿಗಳು ತಮ್ಮತಮ್ಮಲ್ಲೇ ಸಂಘ ಕಟ್ಟಿಕೊಂಡಿದ್ದರಂತೆ. ಅದರ ಮಾದರಿಯಲ್ಲೇ ಬೆಳೆದದ್ದು ಈ ಫ್ರೀಮೇಸನ್ ಮಂಡಳಿ. ಈಗ ಅದರಲ್ಲಿ ಗೌಂಡಿಗಳಿಲ್ಲ. ವಕೀಲರು, ಡಾಕ್ಟರರು, ಸಾಹುಕಾರರು. ಬಾಗಿಲು ಮುಚ್ಚಿ ಸಭೆ ಸೇರುತ್ತಾರೆ, ಏಪ್ರನ್ ಕಟ್ಟಿಕೊಳ್ಳುತ್ತಾರೆ, ಒಬ್ಬರನ್ನೊಬ್ಬರು ‘ಸೋದರ’ ಎನ್ನುತ್ತಾರೆ. ಒಳಗೆ ಎಲ್ಲರೂ ಒಂದೇ ಮಟ್ಟ, ಹೊರಗಿನ ಹೆಚ್ಚು ಕಡಿಮೆ ಹೊರಗೇ ಎಂದು ಎಲ್ಲೋ ಓದಿದೆ. ಜಗತ್ತಿನ ದೊಡ್ಡ ದೊಡ್ಡ ಮಂದಿ ನಮ್ಮಪ್ಪನ ಗುಣ್ಯಾವನ್ನು ಎದೆಗೆ ಚುಚ್ಚಿಕೊಂಡು ಓಡಾಡುತ್ತಿದ್ದಾರೆ! ನಮ್ಮ ಮನೆಯಲ್ಲಿ ಅದು ಬಚ್ಚಲ ಮೂಲೆಯಲ್ಲಿ ಬಿದ್ದಿರುತ್ತದೆ. ಹಿರಿಯರು ಕೈ ಕುಲುಕಿದ್ದು ಗುಟ್ಟಿನ ಕುಲುಕೋ ಸಾದಾ ಕುಲುಕೋ ಎಂದು ಬಹಳ ದಿನ ನನ್ನ ಬಲಗೈಯನ್ನು ಎಡಗೈಯಿಂದ ಕುಲುಕಿ ನೋಡಿಕೊಂಡೆ.

ಅಪ್ಪನಿಗೆ ಹೇಳಿದಾಗ ಅವನು ಕಾಲು ತೊಳೆಯುತ್ತಿದ್ದ.

“ಅಷ್ಟ ದೊಡ್ಡ ಮಂದಿ ಗುಣ್ಯಾ ಎದಿಗೆ ಹಚ್ಚಿಕೊಂತಾರಂತ? ನಾಳೆ ಸ್ಲ್ಯಾಬ್ ಐತಿ, ಬುಟ್ಟಿ ಎತ್ತಾಕ ಬರತಾರೇನ ಕೇಳು.”

ಅವ್ವನ ಚಿಂತೆ ಬೇರೆ. ಅವರ ಸಭೆಯ ಜಾಗಕ್ಕೆ ಲಾಡ್ಜ್ ಎನ್ನುತ್ತಾರೆ ಎಂದು ತಿಳಿದ ಮೇಲೆ, ಮದುವೆಯಾಗದ ಮಗ ಲಾಡ್ಜಿಗೆ ಹೋಗುವ ಮಾತಾಡುತ್ತಿದ್ದಾನೆ ಎಂದು ಸುರೇಬಾನದ ನನ್ನ ಸೋದರತ್ತೆಗೆ ಫೋನು ಮಾಡಿ ಅತ್ತಳು. ಅತ್ತೆ ಬಸ್ಸು ಹತ್ತಿ ರಾಮದುರ್ಗ ದಾಟಿ ನನಗೆ ಬುದ್ಧಿ ಹೇಳಲು ಬಂದಳು. ಅದನ್ನು ಬಿಡಿ.

ಚರ್ಚೆ ನಡೆಯುತ್ತಿದ್ದದ್ದು ನನ್ನ ಅಂಗಡಿ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ. ನಾವು ಆರು ಜನ. ಬಸು ನನ್ನ ಸಾಲೆಯ ಗೆಳೆಯ. ಊರಿಗೆ ಹಳಬರ ಮನೆ, ಹೊಲಗಳಿವೆ, ಪೇಟೆಯಲ್ಲಿ ಅವನ ಕಾಕಾನ ಗೊಬ್ಬರ ಬೀಜದ ಅಂಗಡಿ ಇದೆ, ಬಸು ಅಲ್ಲೇ ಕೂಡುತ್ತಾನೆ. ಸಿದ್ದು ಮುರಗೋಡದವನು, ಕೋಚಿಂಗ್ ಕ್ಲಾಸಿನಲ್ಲಿ ಸಾಮಾನ್ಯ ಜ್ಞಾನ ಕಲಿಸುತ್ತಾನೆ, ಆದ್ದರಿಂದ ಅವನಿಗೆ ಗೊತ್ತಿಲ್ಲದ್ದು ಇಲ್ಲ. ಉಳಿದ ಮೂವರು ಔಷಧಿ ಅಂಗಡಿಯವನು, ಬ್ಯಾಂಕಿನ ಗುಮಾಸ್ತ, ಮೊಬೈಲ್ ರಿಪೇರಿಯವನು. ಅವರು ಯಾರ ಮಾತು ಜೋರಾಗಿದೆಯೋ ಅತ್ತ ವಾಲುವವರು. ಫ್ರೀಮೇಸನ್ ಎಂಬ ಪದವನ್ನು ಆ ಬೆಂಚಿಗೆ ತಂದವನು ನಾನು. ತಂದ ಮೇಲೆ ಅಲ್ಲಿ ಬೇರೆ ಮಾತೇ ಇಲ್ಲ.

“ಇದು ಧರ್ಮನ ಲೇ,” ಎಂದು ಸಿದ್ದು ಶುರು ಮಾಡುತ್ತಿದ್ದ. “ಪ್ರಾರ್ಥನಾ ಐತಿ, ಆಣಿ ಪ್ರಮಾಣ ಐತಿ, ದೀಪ ಹಚ್ಚತಾರ, ಬಾಗಲಾ ಮುಚ್ಚತಾರ. ಮತ್ತಿನ್ನೇನ ಬೇಕು?”

“ಬಾಗಲಾ ನಮ್ಮ ಬ್ಯಾಂಕಿನ್ಯಾಗೂ ಮುಚ್ಚತಾರ,” ಎಂದ ಗುಮಾಸ್ತ.

ನಾನು ಬಿಡುತ್ತಿರಲಿಲ್ಲ. “ಅವರಿಗೆ ತಮ್ಮದ ಅನ್ನೂ ಗ್ರಂಥ ಇಲ್ಲ. ಯಾರ ಧರ್ಮದ ಪುಸ್ತಕ ಅವರ ಮುಂದ ಇಡತಾರ. ಸ್ವಾಮಿಗೋಳಿಲ್ಲ. ಮೋಕ್ಷ ಕೊಡತೇವಿ ಅಂತ ಎಲ್ಲೂ ಹೇಳಿಲ್ಲ.”

“ಮೋಕ್ಷ ಇಲ್ಲಂದ್ರ ಮಂದಿ ಯಾಕ ಹೊಕ್ಕಾರಲೇ?”

“ಊಟಕ್ಕ,” ಎಂದ ಬಸು. ಎಲ್ಲರೂ ನಕ್ಕರು.

ಸಿದ್ದು ನಗಲಿಲ್ಲ. ಅವನ ದೊಡ್ಡ ಅಸ್ತ್ರ ಬೇರೆಯೇ ಇತ್ತು. “ಇವರ ಮ್ಯಾಲ ಲಂಡನ್ನಾಗ ಯಾರೋ ಮುದುಕರು ಅದಾರ. ಎಲ್ಲಾ ಅವರ ನಡಸೋದು. ಇಲೆಕ್ಷನ್ ಅವರು, ಲಡಾಯಿ ಅವರು, ಹೋದ ವರ್ಷ ಉಳ್ಳಾಗಡ್ಡಿ ರೇಟ್ ಬಿತ್ತಲ್ಲ, ಅದೂ ಅವರು.”

“ಬೈಲಹೊಂಗಲ ಉಳ್ಳಾಗಡ್ಡಿ ಅವರಿಗ್ಯಾಕಲೇ?”

“ಅದ ಗೊತ್ತಾಗಬಾರದು ಅಂತನ ಅದು ಗುಟ್ಟು!”

ಚಹಾ ಆರುತ್ತಿತ್ತು, ಇನ್ನೊಂದು ಸುತ್ತು ಬರುತ್ತಿತ್ತು. ಧರ್ಮ ಯಾವುದು, ಯಾವುದಲ್ಲ ಎಂದು ನಮ್ಮ ಕಡೆ ಊರೂರಿಗೇ ಜಗಳವಿರುವಾಗ, ಯಾರಿಗೂ ಸಂಬಂಧವಿಲ್ಲದ ಒಂದನ್ನು ಹಿಡಿದು ಜಗಳವಾಡುವುದು ಎಷ್ಟು ಹಗುರ ನೋಡಿ. ಅದಕ್ಕೇ ಆ ಬೆಂಚು ನನಗೆ ಅಷ್ಟು ಇಷ್ಟವಾಗಿತ್ತು. ಅಲ್ಲಿ ಕೂತಾಗ ನಾನು ‘ಏ ಸ್ಟಿಕರ್’ ಆಗಿರಲಿಲ್ಲ. ವಿಷಯ ಗೊತ್ತಿದ್ದವನಾಗಿದ್ದೆ.

ಕೊನೆಗೆ ಕಾರಿನ ಹಿರಿಯರನ್ನೇ ಕೇಳಿಬಿಡೋಣ ಎಂದು ಮೂರು ಬೈಕಿನಲ್ಲಿ ಕಿತ್ತೂರಿಗೆ ಹೊರಟೆವು. ಸುತ್ತಾದರೂ ಸರಿ ಎಂದು ಸಿದ್ದು ನಮ್ಮನ್ನು ದೇಗಾಂವಕ್ಕೆ ತಿರುಗಿಸಿದ. ಅಲ್ಲಿಯ ಕಮಲನಾರಾಯಣ ಗುಡಿಯ ಕಲ್ಲುಗಳ ಮೇಲೆ ಹಳೆಯ ಗೌಂಡಿಗಳ ಗುಟ್ಟಿನ ಗುರುತು ಇದ್ದೇ ಇರಬೇಕು ಎಂದು ಅವನ ವಾದ. ಅಷ್ಟು ಚೆಂದದ ಗುಡಿಯನ್ನು ಬಿಟ್ಟು ಒಂದು ಮೂಲೆಯ ಗೀರಿನ ಫೋಟೋ ತೆಗೆದುಕೊಂಡ. ದೊಡ್ಡದು ಮಾಡಿ ನೋಡಿದರೆ ಯಾರೋ ಪ್ರೇಮಿ ಕೆತ್ತಿದ ಹೃದಯ, ಬಾಣ ಸಮೇತ.

ಹಿರಿಯರು ಪಡಸಾಲೆಯಲ್ಲಿ ಕೂಡಿಸಿದರು. “ಬರ್ರಿ, ಕುಂಡ್ರಿ. ಎಲ್ಲಾರೂ ಮ್ಯಾಲ ಕುಂಡ್ರಿ, ಜಾಗಾ ಐತಿ,” ಎಂದರು. ಧರ್ಮವೇ ಎಂದು ಕೇಳಿದ್ದಕ್ಕೆ ಅಲ್ಲವೆಂದು ತಲೆಯಾಡಿಸಿದರು.

“ಧರ್ಮ ಅಲ್ಲ. ಒಳಗ ಧರ್ಮದ ಮಾತ ಎತ್ತಾಂಗಿಲ್ಲ, ರಾಜಕಾರಣದ್ದೂ ಎತ್ತಾಂಗಿಲ್ಲ. ಎರಡೂ ಎತ್ತಿದ್ರ ಮಂದಿ ಕೂಡಿ ಕುಂತ ಊಟಾ ಮಾಡೂದಿಲ್ಲ.”

ಸಿದ್ದು ಮುಂದಕ್ಕೆ ಬಾಗಿದ. “ಖರೇ ಹೇಳ್ರಿ ಸಾಹೇಬ್ರ. ಇದನ್ನ ನಡಸೋರು ಯಾರು? ನಿಮ್ಮ ಮ್ಯಾಲ ಯಾರ ಅದಾರ?”

“ಲಾಡ್ಜಿನ್ಯಾಗ ನಮ್ಮ ಮ್ಯಾಲ ಒಂದು ಫ್ಯಾನ್ ಐತಿ. ಕೆಟ್ಟು ವರ್ಷ ಆತು. ರಿಪೇರಿ ಯಾರ ಮಾಡಸಬೇಕು ಅಂತ ಇನ್ನಾ ಠರಾವ ಆಗಿಲ್ಲ. ಜಗತ್ತು ನಡಸೋರು ನಾವು ಅಂತೀಯಲ್ಲ, ಮೊದಲ ಫ್ಯಾನ್ ನಡಸಬೇಕು.”

ಸಿದ್ದು ಅದನ್ನು ನಂಬಲಿಲ್ಲ. ಗುಟ್ಟು ಮುಚ್ಚಿಡುವವರು ಹಾಗೇ ಹೇಳುವುದು ಎಂದು ಬೈಕಿನ ಮೇಲೆ ಕಿರುಚಿದ. ನನಗೆ ಫ್ಯಾನಿನ ಮಾತು ನಿಜವೆನ್ನಿಸಿತು. ಆದರೆ ನನ್ನ ಮನಸ್ಸು ನಿಂತದ್ದು ಹಿರಿಯರು ಹೇಳಿದ ಇನ್ನೊಂದು ಸಂಗತಿಯ ಮೇಲೆ. ಹೊಸಬರನ್ನು ಸೇರಿಸಿಕೊಳ್ಳುವ ಪದ್ಧತಿ. ಒಂದು ಪೆಟ್ಟಿಗೆ ತಿರುಗುತ್ತದೆ. ಒಬ್ಬೊಬ್ಬರೂ ಅದರೊಳಗೆ ಕೈ ಹಾಕಿ ಗೋಲಿಯಂಥ ಒಂದು ಗುಂಡು ಬಿಡುತ್ತಾರೆ, ಬೇಕೆನ್ನುವವರು ಬಿಳಿ, ಬೇಡವೆನ್ನುವವರು ಕರಿ.

“ಒಂದ ಕರಿ ಬಿತ್ತಂದ್ರ ಮುಗೀತು, ತಮ್ಮಾ. ಯಾರ ಹಾಕಿದ್ರು, ಯಾಕ ಹಾಕಿದ್ರು, ಕೇಳಾಂಗಿಲ್ಲ. ಅದಕ್ಕಿಂತ ಮೊದಲ ಒಂದ ಮಾತ ಕೇಳತಾರ, ದೇವರನ್ನ ನಂಬತೀಯೇನಂತ. ಯಾವ ದೇವರು ಅಂತ ಕೇಳೂದಿಲ್ಲ,” ಎಂದಿದ್ದರು ಪಡಸಾಲೆಯಲ್ಲಿ.

ಆಗ ಐವರೂ ನನ್ನತ್ತ ನೋಡಿದರು. ನಾನು ಬಶಿಯೊಳಗಿನ ಚಹಾ ನೋಡಿದೆ.

ವಾಪಸು ಬರುವಾಗ ಸಿದ್ದು ಹಿಂದಿನ ಸೀಟಿನಿಂದ ನನ್ನ ಬೆನ್ನಿಗೆ ಗುದ್ದಿದ. “ಮಿಲ್ಯಾ, ದೇವ್ರ ಇಲ್ಲದಾಂವಗ ಅಲ್ಲಿ ಸೀಟಿಲ್ಲಲೇ. ಒಂದ ದೇವರನ ನೀನ ಕಟ್ ಮಾಡಿ ಹಚ್ಚಿಕೋ!” ನಾನೂ ನಕ್ಕೆ. ಅದು ಒಳ್ಳೆಯ ಹಾಸ್ಯವೇ, ಈಗಲೂ ಒಪ್ಪುತ್ತೇನೆ.

ಅಲ್ಲಿ ಸೀಟಿಲ್ಲದಿದ್ದರೆ ಇಲ್ಲೇ ಮಾಡಿಕೊಳ್ಳೋಣ ಎಂಬ ಹುಚ್ಚು ಹತ್ತಿದ್ದು ನನಗೇ. ಒಂದು ಕೂಟ ಕಟ್ಟೋಣ, ಓದೋಣ, ವಾರಕ್ಕೊಬ್ಬ ಒಂದು ವಿಷಯದ ಮೇಲೆ ಮಾತಾಡೋಣ. ಹೆಸರೂ ನನ್ನದೇ: ಸಮಮಟ್ಟ ಮಿತ್ರಕೂಟ. ಬಸು ತನ್ನ ಕಾಕಾನನ್ನು ಕೇಳಿ ಅಂಗಡಿಯ ಮೇಲಿನ ಮಾಳಿಗೆಯ ಕೋಣೆ ಕೊಡಿಸಿದ. ಮನೆಯಲ್ಲಿ ಹೇಳಿದಾಗ ಅಪ್ಪನ ಮುಖ ಅರಳಿತು.

“ಆ ಮಾಳಿಗಿ ಗ್ವಾಡಿ ನಾನ ಕಟ್ಟೇನಿ. ಮೂಲ್ಯಾಗ ಗುಣ್ಯಾ ಹಚ್ಚಿ ನೋಡು, ಕೂದಲೆಳೀ ಫರಕ ಇರಾಂಗಿಲ್ಲ.”

ಆ ಕೋಣೆ ನನಗೆ ಏನಾಗಿತ್ತು ಎಂದು ಹೇಗೆ ಹೇಳಲಿ? ನಮ್ಮದು ಎರಡು ಕೋಣೆಯ ಮನೆ. ನಾನು ಓದಿದ್ದೆಲ್ಲ ಸ್ಟೂಲಿನ ಮೇಲೆ ಕೂತು, ಅಂಗೈಯಗಲದ ಪರದೆಯಲ್ಲಿ. ಅಲ್ಲಿ ಒಂದು ಕಪಾಟು, ಮೇಜು, ಪೇಟೆಗೆ ತೆರೆದ ಕಿಟಕಿ. ಪ್ರತಿ ಸದಸ್ಯನಿಗೂ ಒಂದು ಕೀಲಿಕೈ. ಹಗಲಿನಲ್ಲಿ ಯಾವಾಗ ಬೇಕಾದರೂ ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ ಬಾಗಿಲು ತೆಗೆಯಬಹುದು. ಊರಿನಲ್ಲಿ ನನಗೆ ಹಾಗೆ ತೆಗೆಯಬಹುದಾದ ಇನ್ನೊಬ್ಬರ ಬಾಗಿಲು ಒಂದೂ ಇರಲಿಲ್ಲ. ನನಗೆ ಆ ಕೀಲಿಕೈ ಬೇಕಿತ್ತು, ಅಷ್ಟೇ.

ಒಂದು ಸಣ್ಣ ವಿಷಯ ಹೇಳಬೇಕು. ನಾವು ಅಲ್ಲಿ ಕೂಡತೊಡಗಿದ ಮೇಲೆ ಬಸುವಿನ ಮನೆಯಿಂದ ಚಹಾ ಬರುತ್ತಿತ್ತು. ಕಾಗದದ ಕಪ್ಪಿನಲ್ಲಿ, ಎಲ್ಲರಿಗೂ. ತೊಳೆಯುವ ತ್ರಾಸಿಲ್ಲ ಎಂದುಕೊಂಡಿದ್ದೆ. ಒಂದು ಸಂಜೆ ನನಗೆ ಬರಲಾಗುವುದಿಲ್ಲ ಎಂದು ಹೇಳಿ, ಕೆಲಸ ಬೇಗ ಮುಗಿದದ್ದರಿಂದ ಹೋಗಿಬಿಟ್ಟೆ. ಐವರ ಕೈಯಲ್ಲೂ ಸ್ಟೀಲಿನ ಲೋಟ. ಕೆಳಗಿನಿಂದ ನನಗೊಂದು ಕಪ್ಪು ಬಂತು, ಕಾಗದದ್ದು. “ಲೋಟ ಕಡಿಮಿ ಬಿದ್ದಾವು,” ಎಂದ ಬಸು. ಬಿದ್ದಿರಬಹುದು. ಮನೆಯೆಂದ ಮೇಲೆ ಲೋಟ ಕಡಿಮೆ ಬೀಳುತ್ತವೆ. ನಾನು ಎಂದಿನಂತೆ ಮಾತಾಡಿ, ಕಪ್ಪನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದೆ.

ಕೂಟ ಎಂದ ಮೇಲೆ ಕಟ್ಟಳೆ ಬೇಕಲ್ಲ? ಕಿತ್ತೂರಿನ ಹಿರಿಯರ ಪೆಟ್ಟಿಗೆ ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು. ಎಂಥ ಚೆಂದದ ಪದ್ಧತಿ, ಯಾರ ಮುಖ ನೋಡಿಯೂ ಅಂಜಬೇಕಿಲ್ಲ, ಎಲ್ಲರ ಕೈಗೂ ಒಂದೇ ತೂಕ ಎಂದು ನಾನೇ ಭಾಷಣ ಮಾಡಿದೆ. ಆರೂ ಜನ ಒಬ್ಬೊಬ್ಬರಾಗಿ ಪೆಟ್ಟಿಗೆ ದಾಟೋಣ, ದಾಟಿದವರಿಗೆ ಕೀಲಿಕೈ ಎಂದೆ. ಎಲ್ಲರಿಗೂ ಮಜಾ ಅನ್ನಿಸಿತು. ಬಿಸ್ಕಿಟಿನ ಹಳೆಯ ಡಬ್ಬಿ ತಂದು ಕಪ್ಪು ಹಾಳೆ ಸುತ್ತಿ, ಬಂಗಾರದ ಹಾಳೆಯಲ್ಲಿ ಗುರುತು ಕತ್ತರಿಸಿ ಅಂಟಿಸಿದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಮತ್ತೆ ಆಗಿಲ್ಲ. ಒಳಗೆ ಹೋದ ಕೈ ಏನು ಮಾಡಿತೆಂದು ಕಾಣಬಾರದಲ್ಲ, ಅದಕ್ಕೆ ಬಾಯಿಗೆ ತೋಳು ಹೊಲಿಸಿದೆ. ಬ್ಲೌಜು ಹೊಲಿಯುವ ಅವ್ವ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಮೈಯಿಲ್ಲದ ತೋಳು ಯಾರಿಗೆ ಹೊಲಸಾಕ ಹತ್ತೀಯೋ ಯಪ್ಪಾ?”

ಗುಂಡುಗಳ ಬದಲು ಕಾಳು. ಬಿಳಿಗೆ ಅಲಸಂದಿ, ಕರಿಗೆ ಉದ್ದು. ಅದನ್ನೂ ಯೋಚಿಸಿಯೇ ಆರಿಸಿದ್ದೆ. ಅಲಸಂದಿ ದಪ್ಪ, ಉದ್ದು ಸಣ್ಣದು. ಕತ್ತಲೆಯಲ್ಲೂ ಬೆರಳಿಗೆ ಗೊತ್ತಾಗುತ್ತದೆ, ಯಾರೂ ತಪ್ಪಿ ಹಾಕಬಾರದು. ಪ್ರತಿಯೊಬ್ಬನಿಗೂ ಎರಡೂ ಕಾಳು ಕೊಡುವುದು, ಒಂದನ್ನು ಡಬ್ಬಿಯಲ್ಲಿ ಬಿಡುವುದು, ಉಳಿದದ್ದನ್ನು ಮುಷ್ಟಿಯಲ್ಲೇ ಒಯ್ದು ಕಿಟಕಿಯಾಚೆ ಎಸೆಯುವುದು. ನೋಡಿ, ಎಷ್ಟು ಬಂದೋಬಸ್ತು!

ಭಾನುವಾರ ಮಧ್ಯಾಹ್ನ ಕೂತೆವು. ಮೊದಲು ಬಸು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತ. ಒಳಗೆ ನಾವು ಕೈ ಹಾಕಿದೆವು. ಡಬ್ಬಿ ಬೋರಲು ಹಾಕಿದರೆ ಎಲ್ಲ ಅಲಸಂದಿ. ಚಪ್ಪಾಳೆ, ಕೀಲಿಕೈ. ಆಮೇಲೆ ಸಿದ್ದು. ಅವನ ಸರದಿಗೆ ಔಷಧಿ ಅಂಗಡಿಯವನು “ಇಂವಗ ಒಂದ ಕರಿ ಹಾಕೂಣೇನ, ಉಳ್ಳಾಗಡ್ಡಿ ರೇಟಿಗೆ?” ಎಂದ. ನಕ್ಕೆವು, ಹಾಕಲಿಲ್ಲ. ಹೀಗೆ ಐವರೂ ದಾಟಿದರು. ಡಬ್ಬಿ ಹಿಡಿದು ನಡೆಸುತ್ತಿದ್ದವನು ನಾನಾದ್ದರಿಂದ ನನ್ನದು ಕೊನೆಗೆ. ಡಬ್ಬಿಯನ್ನು ಬಸುವಿನ ಕೈಗೆ ಕೊಟ್ಟು ಮೆಟ್ಟಿಲಿಗೆ ಹೋದೆ. ಅಪ್ಪ ಕಟ್ಟಿದ ಗೋಡೆಗೆ ಒರಗಿ ನಿಂತು, ಕೀಲಿಕೈಗೆ ಯಾವ ಬಣ್ಣದ ದಾರ ಕಟ್ಟಲಿ ಎಂದು ಯೋಚಿಸುತ್ತಿದ್ದೆ.

ಕರೆಯುವುದು ತಡವಾಯಿತು. ಒಳಗೆ ಹೋದೆ. ಮೇಜಿನ ಮೇಲೆ ಅಲಸಂದಿಯ ನಡುವೆ ಒಂದು ಉದ್ದಿನ ಕಾಳು.

ಮೊದಲು ನಕ್ಕವನು ಸಿದ್ದು. “ಏ, ತಪ್ಪಿ ಬಿದ್ದಿರಬೇಕಲೇ. ಕಪ್ಪ ಬಟ್ಟಿ, ಏನ ಕಾಣತೈತಿ?”

“ಹೌದ ಹೌದ, ತಪ್ಪಿ ಬಿದ್ದೈತಿ,” ಎಂದರು ಎಲ್ಲರೂ. ಎಲ್ಲರಿಗೂ ಒಂದೇ ಸಲ ಹಗುರವಾಯಿತು.

“ಇನ್ನೊಮ್ಮೆ ಹಾಕೂಣು,” ಎಂದ ಬಸು. “ಮಿಲ್ಯಾ, ನೀ ಹೊರಗ ನಿಲ್ಲು.”

ಬೆರಳಿಗೆ ತಪ್ಪುವುದಿಲ್ಲ, ಅದಕ್ಕೇ ಆರಿಸಿದ್ದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊರಗೆ ಹೋಗಿ ನಿಂತೆ. ಕಾಳು ಹಾಕಿದವನಿಗೆ ನಾಚಿಕೆಯಾಗಿರುತ್ತದೆ, ಈಗ ತಿದ್ದಿಕೊಳ್ಳುತ್ತಾನೆ, ನಾನೂ ಮರೆತುಬಿಡುತ್ತೇನೆ ಎಂದುಕೊಂಡೆ. ಈ ಸಲ ಬೇಗ ಕರೆದರು.

ಮೇಜಿನ ಮೇಲೆ ಉದ್ದಿನ ಕಾಳು ಎರಡಿದ್ದವು.

ಮೊದಲನೆಯ ಕಾಳನ್ನು ನಾನು ನುಂಗಬಲ್ಲೆ. ಒಬ್ಬನಿಗೆ ನಾನು ಸೇರದಿರಬಹುದು. ನನಗೆ ಮಾತು ಹೆಚ್ಚು, ಬೇರೆಯವರ ಮಾತು ನಡುವೆ ಕತ್ತರಿಸುತ್ತೇನೆ, ನಿನ್ನೆ ಓದಿದ್ದನ್ನು ಇವತ್ತು ಹುಟ್ಟಿದಾಗಿನಿಂದ ಗೊತ್ತಿದ್ದವನಂತೆ ಹೇಳುತ್ತೇನೆ. ಎರಡನೆಯ ಕಾಳು ಮಾತ್ರ ಗಂಟಲಿಳಿಯಲಿಲ್ಲ. ಅದನ್ನು ಹಾಕಿದವನು ಮೊದಲ ಸುತ್ತಿನಲ್ಲಿ ಅಲಸಂದಿ ಹಾಕಿದವನು. ಅವನ ಮನಸ್ಸಿನಲ್ಲೂ ಅದು ಇತ್ತು, ಧೈರ್ಯ ಇರಲಿಲ್ಲ. ಮೇಜಿನ ಮೇಲೆ ಒಂದು ಕರಿ ಕಾಳು ಕಂಡ ಮೇಲೆ, ಓಹೋ, ತಾನೊಬ್ಬನೇ ಅಲ್ಲ ಎಂದು ಧೈರ್ಯ ಬಂತು. ಕಾಣದೆ ಎಲ್ಲವನ್ನೂ ನಡೆಸುವ ಕೈ ಎಂದು ಸಿದ್ದು ಇಷ್ಟು ದಿನ ಹುಡುಕಿದ್ದು ಇದನ್ನೇ ಇರಬೇಕು. ಲಂಡನ್ನಿನಲ್ಲಿ ಯಾವ ಮುದುಕನೂ ಬೇಕಾಗಿಲ್ಲ.

ಬಸು ಕೀಲಿಕೈ ಹಿಡಿದು ಬಂದ. “ತಗೋಳಲೇ. ರೂಲ್ ಗೀಲ್ ಬಿಡು, ನಾವೇನ ಫಾರಿನ್ನಾಗ ಅದೇವೇನ?”

“ರೂಲ್ ಅಂದ್ರ ರೂಲ್,” ಎಂದೆ. ಹಾಸ್ಯದ ದನಿಯಲ್ಲೇ ಎಂದೆ. ಬಸು ಇನ್ನೊಮ್ಮೆ “ತಗೋ” ಎನ್ನಲಿ ಎಂದು ಕಾದೆ. ಯಾರಾದರೂ ಅನ್ನಲಿ ಎಂದು ಕಾದೆ. ಬಸು ಕೀಲಿಕೈಯನ್ನು ನಿಧಾನಕ್ಕೆ ಮೇಜಿನ ಮೇಲಿಟ್ಟ. ಗುಮಾಸ್ತ ಕಿಟಕಿಯಾಚೆ ಪೇಟೆ ನೋಡುತ್ತಿದ್ದ. ನಾನು ನನ್ನ ಡಬ್ಬಿ ಎತ್ತಿಕೊಂಡು ಬಂದು ಅವ್ವನ ಕೈಗೆ ಕೊಟ್ಟೆ. ಅವಳು ಶೇಂಗಾ ತುಂಬಿದಳು. ತೋಳು ಇರಲಿ, ಇರುವೆ ಹೋಗುವುದಿಲ್ಲ ಎಂದಳು.

ಮಾರನೆಯ ದಿನದಿಂದ ಎಲ್ಲರೂ ನನ್ನ ಮೇಲೆ ಎಂದೂ ಇಲ್ಲದ ಪ್ರೀತಿ ತೋರಿಸತೊಡಗಿದರು. ಔಷಧಿ ಅಂಗಡಿಯವನು ಅವ್ವನ ಮೊಣಕಾಲಿಗೆ ಮುಲಾಮು ಕೊಟ್ಟು, ಹೋಗುವಾಗ ತಗ್ಗಿದ ದನಿಯಲ್ಲಿ “ನಾ ಅಲ್ಲಪಾ ಹಾಕಿದ್ದು,” ಎಂದ. ಗುಮಾಸ್ತ ಬ್ಯಾಂಕಿನ ಕಿಟಕಿಯಿಂದ ಬಾಗಿ ಅದನ್ನೇ ಹೇಳಿದ. ಮೊಬೈಲಿನವನು ತಾಯಿಯ ಆಣೆ ಹಾಕಿದ. ಸಿದ್ದು ಅಂಗಡಿಗೇ ಬಂದು, “ಖರೇ ಹೇಳತೇನಿ ದೋಸ್ತಾ, ನಾ ಅಲ್ಲ. ಯಾರಂತ ನನಗ ಸಂಶೆ ಐತಿ, ಆದ್ರ ಹೆಸರ ಹೇಳಾಂ‌ಗಿಲ್ಲ,” ಎಂದು, ಎದ್ದು ಹೋಗುವಾಗ ಕೋಣೆಯ ಬಾಗಿಲಿಗೊಂದು ಸ್ಟಿಕರ್ ಬೇಕಿತ್ತು ಎಂದ. ಸಮಮಟ್ಟ ಮಿತ್ರಕೂಟ, ಮೇಲೆ ಅದೇ ಗುರುತು. ಕತ್ತರಿಸಿ ಕೊಟ್ಟೆ. ಅಂಟಿಸಲು ಬರುವುದಿಲ್ಲ, ಗುಳ್ಳೆ ಏಳುತ್ತವೆ ಎಂದ. ಹೋಗಿ ಅಂಟಿಸಿಯೂ ಬಂದೆ. ಒಂದು ಗುಳ್ಳೆ ಇಲ್ಲ.

ಬಸು ಮಾತ್ರ ಬಂದಿರಲಿಲ್ಲ. ಅವನ ಮೇಲೆ ನನಗೆ ಭರವಸೆ ಇದ್ದದ್ದೂ ಅದಕ್ಕೇ. ಹಾಕದವನು ಹಾಕಿಲ್ಲವೆಂದು ಹೇಳಲು ಯಾಕೆ ಬರಬೇಕು?

ಒಂದು ಸಂಜೆ ಮನೆಯ ಮುಂದೆ ಅವನ ಬೈಕು ನಿಂತಿತು. ಇಷ್ಟು ವರ್ಷದಲ್ಲಿ ಅವನು ನಮ್ಮ ಓಣಿಗೆ ಬಂದಿದ್ದರೂ ಹೊಸ್ತಿಲು ದಾಟಿದ್ದಿಲ್ಲ. ಹಾರ್ನ್ ಹೊಡೆಯುತ್ತಿದ್ದ, ನಾನು ಹೊರಗೆ ಹೋಗುತ್ತಿದ್ದೆ. ಆ ದಿನ ಹೊಸ್ತಿಲ ಒಳಗೆ ಬಂದು ನಿಂತ. ನನಗೆ ಎಷ್ಟು ಖುಷಿಯಾಯಿತೆಂದರೆ, ಕೀಲಿಕೈ, ಕಾಳು ಎಲ್ಲ ಮರೆತುಹೋಯಿತು.

“ಮಿಲ್ಯಾ, ನಾ ಅಲ್ಲೋ ಹಾಕಿದ್ದು,” ಎಂದ. ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ.

“ನನಗ ಗೊತ್ತೈತಿ ಬಿಡಲೇ,” ಎಂದೆ.

ಅವ್ವ ಚಹಾಕ್ಕೆ ಇಡಲು ಹೋದಳು. “ಬ್ಯಾಡವ್ವಾ, ಈಗ ಕುಡದ ಬಂದೇನಿ,” ಎಂದ ಅವಸರದಲ್ಲಿ. ಬರಿಗೈಲಿ ಕಳಿಸುವುದು ಅವ್ವನಿಗೆ ಗೊತ್ತಿಲ್ಲ. ಡಬ್ಬಿ ತಂದು ಅವನ ಮುಂದೆ ಹಿಡಿದಳು. “ಹುರದದ್ದೈತಿ, ಒಂದ ಮುಟಗಿ ತಗೋಪಾ.”

ಬಸು ಡಬ್ಬಿಯ ಗುರುತು ನೋಡಿದ, ನನ್ನನ್ನು ನೋಡಿದ. ಕಪ್ಪು ತೋಳಿನೊಳಗೆ ಕೈ ಹಾಕಿದ. ಕೈ ಮುಷ್ಟಿಯಾಗಿ ಹೊರಗೆ ಬಂತು. “ಹಾದ್ಯಾಗ ತಿಂತೇನವ್ವಾ,” ಎಂದು ಹೊರಟ. ಬೈಕು ಓಣಿಯ ತಿರುವು ದಾಟುವವರೆಗೆ ನಾನು ಬಾಗಿಲಲ್ಲಿ ನಿಂತು ಕೈ ಬೀಸಿದೆ.

ಆಮೇಲೆ ಹಾಲು ತರಲು ಹೊರಟೆ. ಓಣಿಯ ತಿರುವಿನಲ್ಲಿ, ಲೈಟಿನ ಕಂಬದ ಬುಡದಲ್ಲಿ, ಒಂದು ಮುಷ್ಟಿ ಹುರಿದ ಶೇಂಗಾ ಬಿದ್ದಿತ್ತು. ಶಾಂತಕ್ಕನ ಕೋಳಿ ಆರಿಸುತ್ತಿತ್ತು.

ಬಸು ಆ ಕಾಳು ಹಾಕಿರಲಿಕ್ಕಿಲ್ಲ. ಈಗಲೂ ನನಗೆ ಹಾಗೇ ಅನ್ನಿಸುತ್ತದೆ. ಕೋಳಿಯನ್ನು ಓಡಿಸಲಿಲ್ಲ. ಎಲ್ಲ ತಿಂದು ಮುಗಿಸುವ ತನಕ ಕಂಬದ ಹತ್ತಿರವೇ ನಿಂತಿದ್ದೆ, ಆ ದಾರಿಯಲ್ಲಿ ಅವ್ವ ಬಂದು ನೋಡಬಾರದೆಂದು.